ಮಾವನ ಕಾರು: ಇಡುವ ಅಥವಾ ಮಾರುವ ಕುರಿತು

ಮೇಸ್ತ್ರಿಗೆ ಕಿವಿ ಕೇಳಿಸುವುದಿಲ್ಲ ಎಂದು ನಾನು ಹನ್ನೊಂದು ವರ್ಷ ನಂಬಿಕೊಂಡಿದ್ದೆ.

ಹಾಗೆ ನಂಬಲು ನನ್ನ ಹತ್ತಿರ ಗಟ್ಟಿ ಸಾಕ್ಷ್ಯವಿತ್ತು. ಅವರನ್ನು ಮೊದಲು ಕಂಡದ್ದು ನನ್ನ ಸೋದರಮಾವನ ಮನೆಯ ಅಂಗಳದಲ್ಲಿ. ಮಾವನ ಕಾರಿನ ಬಾನೆಟ್ ತೆರೆದು, ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಇಂಜಿನ್ನಿಗೂ ಇನ್ನೊಂದು ತುದಿಯನ್ನು ತಮ್ಮ ಕಿವಿಗೂ ಒತ್ತಿಕೊಂಡು, ಕಣ್ಣು ಮುಚ್ಚಿ ನಿಂತಿದ್ದರು. ಕಾರು ಕಂಡ ಗಂಡಸರೆಲ್ಲ ಕೇಳುವ ಪ್ರಶ್ನೆಯನ್ನೇ ನಾನೂ ಕೇಳಿದೆ: "ಲೀಟರಿಗೆ ಎಷ್ಟು ಕೊಡುತ್ತೆ?" ಉತ್ತರವಿಲ್ಲ. ದನಿ ಏರಿಸಿ ಕೇಳಿದೆ. ಊಹೂಂ. ಮೂರನೆಯ ಸಲ ಕೂಗಿದಾಗ ಪಕ್ಕದ ಮನೆಯ ನಾಯಿ ಬೊಗಳಿತು. ಮೇಸ್ತ್ರಿ ಮಾತ್ರ ಅಲುಗಲಿಲ್ಲ. 'ಪಾಪ, ಪೂರ್ತಿ ಕಿವುಡು' ಎಂದು ತೀರ್ಮಾನಿಸಿಬಿಟ್ಟೆ. ನನ್ನ ಜನ್ಮದಲ್ಲಿ ನಾನು ಇಷ್ಟು ಬೇಗ ಕೈಗೊಂಡ ತೀರ್ಮಾನ ಅದೊಂದೇ. ಅದೂ ತಪ್ಪಾಯಿತು!

ತೀರ್ಮಾನದ ಮಾತು ಬಂದದ್ದರಿಂದ ನನ್ನ ಉದ್ಯೋಗವನ್ನೂ ಹೇಳಿಬಿಡುತ್ತೇನೆ. ನೀರು ಸರಬರಾಜು ಕಚೇರಿಯಲ್ಲಿ ನಾನು ಸೂಪರಿಂಟೆಂಡೆಂಟ್. ನನ್ನ ಮೇಜಿಗೆ ಫೈಲು ಬಂದರೆ ಅದರ ಮೇಲೆ 'ಒಪ್ಪಿದೆ' ಎಂದು ಬರೆಯಬಹುದು. ಬರೆದರೆ ನಾಳೆ ಯಾರಾದರೂ 'ಯಾಕೆ ಒಪ್ಪಿದಿರಿ?' ಎನ್ನಬಹುದು. 'ಒಪ್ಪಿಲ್ಲ' ಎಂದೂ ಬರೆಯಬಹುದು. ಅದಕ್ಕೂ ಕೇಳುವವರು ಇದ್ದಾರೆ. ಇವೆರಡರ ನಡುವೆ ಒಂದು ಮಹಾಮಂತ್ರವಿದೆ: 'ಚರ್ಚಿಸಿ'. ಯಾರು, ಯಾರ ಜೊತೆ, ಯಾವಾಗ ಎಂಬುದನ್ನೆಲ್ಲ ಬರೆಯುವ ಪದ್ಧತಿಯಿಲ್ಲ. ಬರೆದು, ಸಹಿ ಹಾಕಿ, ಬಲಗಡೆಯ ರಾಶಿಯಿಂದ ಎಡಗಡೆಯ ರಾಶಿಗೆ ಇಟ್ಟರಾಯಿತು. ಇಪ್ಪತ್ತಾರು ವರ್ಷದಲ್ಲಿ ಒಬ್ಬನೂ ಚರ್ಚಿಸಲು ಬರಲಿಲ್ಲ, ನಾನೂ ಯಾರನ್ನೂ ಕರೆಯಲಿಲ್ಲ. ನನ್ನ ಮೇಲೆ ಒಂದೇ ಒಂದು ವಿಚಾರಣೆಯೂ ಆಗಲಿಲ್ಲ!

ಇಂಥ ನನಗೆ ಮಾವ ತಮ್ಮ ಕಾರನ್ನು ಬಿಟ್ಟುಹೋದರು.

ಮಾವ ಮಾತಿನ ಮನುಷ್ಯರಲ್ಲ. ಹೆಂಡತಿಯಿಲ್ಲ, ಮಕ್ಕಳಿಲ್ಲ, ಇದ್ದದ್ದು ಆ ಕಾರು, ಅದನ್ನು ನೋಡಿಕೊಳ್ಳುವ ಮೇಸ್ತ್ರಿ. ಒಬ್ಬರು ಹುಬ್ಬು ಎತ್ತಿದರೆ ಇನ್ನೊಬ್ಬರು ಸ್ಪಾನರ್ ಎತ್ತುತ್ತಿದ್ದರು. ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ಮಾವ ನಿದ್ದೆಯಲ್ಲೇ ಹೋದರು. ಉಯಿಲು ಒಡೆದು ನೋಡಿದರೆ ಮನೆ ಒಂದು ಶಾಲೆಗೆ, ಕಾರು 'ನನ್ನ ತಂಗಿಯ ಮೂರನೆಯ ಮಗನಿಗೆ'. ಅಂದರೆ ನನಗೆ! ನಾವು ಸೋದರಳಿಯಂದಿರು ಐವರು. ಒಬ್ಬನಿಗೆ ಸ್ವಂತ ಟ್ರಾವೆಲ್ಸ್ ಇದೆ. ಇನ್ನೊಬ್ಬ ಬೆಟ್ಟದ ಮೇಲೆ ಕಾರು ಓಡಿಸಿ ಬಹುಮಾನ ತಂದವನು. ಅವರೆಲ್ಲರನ್ನೂ ಬಿಟ್ಟು ಮಾವನ ಕಣ್ಣು ನನ್ನ ಮೇಲೆ ಬಿದ್ದಿತ್ತು.

"ಯಾಕೆ ಅಂತ ಯೋಚನೆ ಮಾಡು," ಎಂದೆ ಹೆಂಡತಿಗೆ. "ಓಡಿಸೋರು ನೂರು ಜನ ಸಿಗ್ತಾರೆ. ಅಭಿರುಚಿ ಇರೋನು ಒಬ್ಬ."

"ಅಭಿರುಚಿ ಸರಿ. ನಿಮಗೆ ಓಡಿಸೋಕೇ ಬರಲ್ವಲ್ಲ?"

ಇದು ನಿಜ. ಯೌವನದಲ್ಲಿ ಕಲಿಯಲು ಹೋಗಿದ್ದೆ. ಹದಿನೈದು ದಿನಕ್ಕೆ ಕಲಿಸುವವನೇ ಆ ಕಸುಬು ಬಿಟ್ಟು ಹೊಲಿಗೆಯಂತ್ರ ಮಾರುವ ಅಂಗಡಿ ಸೇರಿದ. ನಾನು ಇವತ್ತಿಗೂ ಬಸ್ಸಿನ ಮನುಷ್ಯ.

ಎರಡನೆಯ ತಾರೀಖು ಬೆಳಿಗ್ಗೆ ಮೇಸ್ತ್ರಿಯೇ ಕಾರನ್ನು ಓಡಿಸಿಕೊಂಡು ಬಂದರು. ಅಬ್ಬಾ! ನಮ್ಮ ಬೀದಿಯ ತಿರುವಿನಲ್ಲಿ ಮೊದಲು ಅದರ ಮೂತಿ ಕಂಡಿತು. ಸ್ವಲ್ಪ ಹೊತ್ತು ಕಾದ ಮೇಲೆ ಉಳಿದದ್ದು ಬಂತು. ಕಪ್ಪು ಬಣ್ಣ, ಮುಖ ನೋಡಿಕೊಂಡು ಗಡ್ಡ ಹೆರೆಯಬಹುದಾದ ಹೊಳಪು. ಒಳಗೆ ಚರ್ಮದ ಸೀಟು, ಮರದ ಡ್ಯಾಶ್‌ಬೋರ್ಡು, ಹಿಂದಿನ ಸೀಟಿನವರಿಗೆ ಪ್ರತ್ಯೇಕ ಓದುವ ದೀಪ, ಕಿಟಕಿಗೆ ರೇಷ್ಮೆ ಪರದೆ. ಅಕ್ಕಪಕ್ಕದವರು ಬಾಗಿಲಿಗೆ ಬಂದರು. ನಾನು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತೆ. ನಿಲ್ಲಿಸುವುದು ಎಲ್ಲಿ ಎಂಬುದನ್ನು ಮಾತ್ರ ಯೋಚಿಸಿರಲಿಲ್ಲ.

ಮನೆಯ ಪಕ್ಕಕ್ಕೆ ಒಂದು ತಗಡಿನ ಶೆಡ್ಡಿದೆ. ಒಂಬತ್ತು ವರ್ಷದಿಂದ ಅಲ್ಲಿ ನನ್ನ ಹೆಂಡತಿಯ ಹೊಲಿಗೆ ಕೆಲಸ: ಐದು ಯಂತ್ರ, ಬಟ್ಟೆ ಕತ್ತರಿಸುವ ಒಂದು ಉದ್ದನೆಯ ಮೇಜು, ಜೊತೆಗೆ ದುಡಿಯುವ ಮೂವರು ಹೆಂಗಸರು. ಆ ತಿಂಗಳು ಅವಳಿಗೆ ಬಾಳಿನಲ್ಲೇ ದೊಡ್ಡ ಕೆಲಸ ಸಿಕ್ಕಿತ್ತು. ಹೊಸದಾಗಿ ತೆರೆಯಲಿದ್ದ ಆಸ್ಪತ್ರೆಯ ದಾದಿಯರಿಗೆ ಎಂಬತ್ತು ಬಿಳಿ ಕೋಟು; ಮೂವತ್ತನೆಯ ತಾರೀಖಿಗೆ ಕೊಟ್ಟರೆ ಮುಂದಿನ ವರ್ಷಗಳ ಕೆಲಸವೂ ಅವಳಿಗೇ, ತಪ್ಪಿದರೆ ಬೇರೆಯವರಿಗೆ.

"ಎರಡೇ ದಿನ ಕಣೇ," ಎಂದೆ. "ಇಟ್ಕೊಳ್ಳೋದೋ ಮಾರೋದೋ ಅಂತ ತೀರ್ಮಾನ ಮಾಡಿಬಿಡ್ತೀನಿ."

"ನೀವು?"

"ನಾನೇ! ಎರಡು ದಿನದಲ್ಲಿ ಆಗದಿದ್ರೆ ನನ್ನ ಹೆಸರು ಬದಲಾಯಿಸು. ಬರೆದಿಟ್ಕೋ!"

"ನೀವೇ ಬರೆದಿಟ್ಕೊಳ್ಳಿ. ಬರೆಯೋದರಲ್ಲಿ ನೀವು ಎತ್ತಿದ ಕೈ."

ಯಂತ್ರಗಳು ಶೆಡ್ಡಿನಿಂದ ಹೊರಬಿದ್ದವು. ಎರಡು ಹಜಾರಕ್ಕೆ, ಎರಡು ಮಲಗುವ ಕೋಣೆಗೆ, ಒಂದು ಬಚ್ಚಲುಮನೆಯ ಬಾಗಿಲಿಗೆ ಅಡ್ಡಲಾಗಿ ಕೂತವು. ಉದ್ದನೆಯ ಮೇಜು ಯಾವ ಬಾಗಿಲಿಗೂ ಹಿಡಿಸದೆ ಅಂಗಳದಲ್ಲಿ ಕಾಲು ಮೇಲೆ ಮಾಡಿ ಬಿದ್ದುಕೊಂಡಿತು. ಶೆಡ್ಡಿನಲ್ಲಿ ಮಾವನ ಕಾರು ಮಹಾರಾಜನ ಹಾಗೆ ಪವಡಿಸಿತು.

ಅವಳು ಹೇಳಿದ ಹಾಗೆ ಬರೆದೇಬಿಟ್ಟೆ. ಒಂದು ಹೊಸ ಫೈಲು ತೆರೆದು, ಕೆಂಪು ದಾರ ಕಟ್ಟಿ, ಮೇಲೆ ವಿಷಯ ನಮೂದಿಸಿದೆ: 'ಮಾವನ ಕಾರು: ಇಡುವ ಅಥವಾ ಮಾರುವ ಕುರಿತು'. ಒಳಗೆ ಒಂದು ಪುಟ 'ಇಡಲು ಕಾರಣಗಳು', ಇನ್ನೊಂದು ಪುಟ 'ಮಾರಲು ಕಾರಣಗಳು'. ಮೊದಲ ಪುಟದಲ್ಲಿ ವಂಶದ ಗೌರವ, ಅಭಿರುಚಿ, ಓದುವ ದೀಪ ಎಂದು ಬರೆದೆ. ಎರಡನೆಯ ಪುಟ ಖಾಲಿ ಬಿಟ್ಟು ಊಟಕ್ಕೆ ಹೋದೆ. ಬಂದು ನೋಡಿದರೆ ಅದರಲ್ಲಿ ಹೆಂಡತಿಯ ಅಕ್ಷರ: 'ಶೆಡ್ಡು'. ಕೆಳಗೆ ಸಹಿ: 'ಹೊಲಿಗೆ ವಿಭಾಗ'.

ನಾನೇನು ಮಾಡಿರಬಹುದು ಎಂದು ನೀವು ಊಹಿಸಿದ್ದೀರಿ. ಅಂಚಿನಲ್ಲಿ 'ಚರ್ಚಿಸಿ' ಎಂದು ಬರೆದು ಸಹಿ ಹಾಕಿದೆ.

ವ್ಯತ್ಯಾಸ ಏನೆಂದರೆ ಕಚೇರಿಯಲ್ಲಿ ಯಾರೂ ಚರ್ಚಿಸಲು ಬರುತ್ತಿರಲಿಲ್ಲ, ಮನೆಯಲ್ಲಿ ಬಂದರು!

"ಬಂದಿದೀನಿ. ಚರ್ಚಿಸಿ," ಎಂದು ಎದುರು ಕೂತಳು.

"ಈಗಲೇ ಅಲ್ಲ... ಇನ್ನಷ್ಟು ಮಾಹಿತಿ ಬರಬೇಕು."

"ಎಲ್ಲಿಂದ?"

"ಸಂಬಂಧಪಟ್ಟವರಿಂದ."

"ಸಂಬಂಧಪಟ್ಟವರು ಸ್ವರ್ಗದಲ್ಲಿದಾರೆ ಕಣ್ರೀ!"

ಎರಡು ದಿನ ಹತ್ತಾಯಿತು, ಹತ್ತು ಇಪ್ಪತ್ತಾಯಿತು. ನಾನು ದಿನಾ ಕಚೇರಿಯಿಂದ ಬಂದವನೇ ಶೆಡ್ಡಿಗೆ ಹೋಗಿ, ಹಿಂದಿನ ಸೀಟಿನಲ್ಲಿ ಕೂತು, ದೀಪ ಹಾಕಿ, ಪರದೆ ಸರಿಸಿ ಪೇಪರ್ ಓದುತ್ತಿದ್ದೆ. ಎಲ್ಲಿಗೂ ಹೋಗದ ಕಾರಿನಲ್ಲಿ ಕೂತು ಎಲ್ಲಿಗೂ ಹೋಗದಿರುವ ಸುಖವೇ ಬೇರೆ. ವಾರಕ್ಕೆರಡು ಸಲ ಮೇಸ್ತ್ರಿ ಬಂದು ಇಂಜಿನ್ ಚಾಲೂ ಮಾಡಿ, ಸ್ಕ್ರೂಡ್ರೈವರಿಗೆ ಕಿವಿ ಕೊಟ್ಟು, ತಲೆಯಾಡಿಸಿ ಹೋಗುತ್ತಿದ್ದರು. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಗಾಡಿ! ಹೇಗಿದೆ! ಮೇಸ್ತ್ರೀ!" ಎಂದು ಅಬ್ಬರಿಸುತ್ತಿದ್ದೆ.

"ಯಾಕ್ರೀ ಅವರ ಹತ್ರ ಹಾಗೆ ಕಿರುಚ್ತೀರಿ?" ಎಂದಳು ಹೆಂಡತಿ.

"ಪಾಪ, ಕಿವಿ ಕೇಳಲ್ಲ."

"ನಾನು ಮೆತ್ತಗೆ ಟೀ ಬೇಕಾ ಅಂದ್ರೆ ಬೇಕು ಅಂತಾರಲ್ಲ?"

"ಅದು ತುಟಿ ನೋಡಿ ತಿಳ್ಕೊಳ್ಳೋದು. ಅಂಥವರಿಗೆ ಅಭ್ಯಾಸ ಆಗಿರುತ್ತೆ."

"ಬಾನೆಟ್ ಒಳಗೆ ತಲೆ ಇಟ್ಕೊಂಡಾ?"

ಅವಳ ವಾದದಲ್ಲಿ ಸತ್ವವಿತ್ತು. ಆದರೆ ಹನ್ನೊಂದು ವರ್ಷದ ತೀರ್ಮಾನವನ್ನು ಒಂದು ಲೋಟ ಟೀಗೋಸ್ಕರ ಬದಲಿಸಲು ಆಗುತ್ತದೆಯೇ? ಈಗ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ, ನನ್ನ ಕಿವಿ. ಹಳೆಯ ಕಾರು ಕೊಳ್ಳುವ ವ್ಯಾಪಾರಿಯೊಬ್ಬ ಫೋನ್ ಮಾಡಿದಾಗ ಮೇಸ್ತ್ರಿಯ ಪಕ್ಕದಲ್ಲೇ ನಿಂತು, "ಗಾಡಿ ಜೊತೆ ಒಬ್ಬ ಮುದುಕ ಬರ್ತಾನೆ. ಬೇಡ ಅಂದ್ರೆ ಬಿಡಿಸಿಕೊಡ್ತೀನಿ," ಎಂದಿದ್ದೆ. ಬಾನೆಟ್ಟಿನ ಒಳಗೆ ಸ್ಪಾನರ್ ಒಂದು ಕ್ಷಣ ನಿಂತದ್ದು ಕೇಳಿಸಿತ್ತು. ಬೋಲ್ಟು ಬಿಗಿಯಾಗಿರಬೇಕು ಅಂದುಕೊಂಡೆ. ಆ ವ್ಯಾಪಾರಿ ನಾಲ್ಕು ಸಲ ಕೇಳಿದ. ನಾಲ್ಕು ಸಲವೂ 'ಚರ್ಚಿಸೋಣ' ಎಂದೆ. ಐದನೆಯ ಸಲ ಅವನು ಫೋನ್ ಮಾಡಲಿಲ್ಲ.

ಇಪ್ಪತ್ತನಾಲ್ಕನೆಯ ತಾರೀಖು ಶೆಡ್ಡಿಗೆ ಹೋದವನು ಎದೆ ಹಿಡಿದುಕೊಂಡೆ. ಮಾವನ ಕಾರಿನ ಬಾನೆಟ್ ಮೇಲೆ ಬಿಳಿ ಬಟ್ಟೆ ಹಾಸಿ, ಹೆಂಡತಿ ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿ ಆಡಿಸುತ್ತಿದ್ದಳು!

"ಏನೇ ಇದು! ಇದರ ಮೇಲೆ ಒಂದು ಗೀರು ಬಿದ್ರೆ?"

"ಮೇಜು ಬಿಸಿಲಲ್ಲಿ ಒಣಗಿ ಸೊಟ್ಟಗಾಗಿದೆ. ಇಷ್ಟು ಉದ್ದದ ಜಾಗ ಇಡೀ ಮನೇಲಿ ಇದೊಂದೇ. ನಿಮ್ಮ ಬಾನೆಟ್ ಏನೂ ಚೆನ್ನಾಗಿಲ್ಲ ಬಿಡಿ, ಮಧ್ಯದಲ್ಲಿ ಉಬ್ಬಿದೆ. ನೋಡಿ ಇಲ್ಲಿ!" ಎಂದು ಹೊಲಿದ ಕೋಟೊಂದನ್ನು ಎತ್ತಿ ತೋರಿಸಿದಳು. ಕೋಟಿಗೆ ಆರು ತಿಂಗಳ ಹೊಟ್ಟೆ ಬಂದಿತ್ತು. "ಹೀಗೆ ಹನ್ನೆರಡು ಕೋಟು ಬಿಚ್ಚಿ ಮತ್ತೆ ಹೊಲಿಯಬೇಕು. ಇನ್ನು ಆರೇ ದಿನ. ಬೇಡಿಕೋತೀನಿ, ಒಂದು ಹೇಳಿಬಿಡಿ. ಇಡ್ತೀನಿ ಅಂದ್ರೆ ಬೇರೆ ಜಾಗ ಹುಡುಕೋಣ. ಮಾರ್ತೀನಿ ಅಂದ್ರೆ ಮಾರೋಣ. ಯಾವುದಾದ್ರೂ ಒಂದು."

ಯಾವಾಗಲೂ ಚಾಟಿ ಬೀಸುವ ಹೆಂಡತಿ 'ಬೇಡಿಕೋತೀನಿ' ಎಂದಳು. ಅವತ್ತೇ ನಾನು ಮನುಷ್ಯನಾಗಬೇಕಿತ್ತು. "ಇಪ್ಪತ್ತೆಂಟು ಕಳೀಲಿ," ಎಂದೆ.

ಇಪ್ಪತ್ತೆಂಟರಂದು ನಮ್ಮ ದೊಡ್ಡ ಸಾಹೇಬರ ನಿವೃತ್ತಿ. ಅವರನ್ನು ಮನೆಗೆ ಬಿಟ್ಟುಬರಲು 'ನಮ್ಮ ಮನೇಲೊಂದು ಸಣ್ಣ ಗಾಡಿ ಇದೆ ಸಾರ್' ಎಂದು ಇಡೀ ಕಚೇರಿಯ ಎದುರು ಹೇಳಿಬಿಟ್ಟಿದ್ದೆ. ಅಂದರೆ ನೋಡಿ, ಹೆಂಡತಿಯ ಎಂಬತ್ತು ಕೋಟು ನಿಂತದ್ದು ನನ್ನ ಒಂದು ಸಂಜೆಯ ಮೆರವಣಿಗೆಗೋಸ್ಕರ. ಇದನ್ನು ಬರೆಯುವಾಗ ಪೆನ್ನು ತಲೆ ತಗ್ಗಿಸುತ್ತಿದೆ.

ಸಂಜೆ ಐದಕ್ಕೆ ಕಾರು ಬಂದು ನಿಂತಾಗ ಕಚೇರಿಯ ಕಿಟಕಿಗಳಲ್ಲಿ ಮುಖಗಳು ಹೂವಿನ ಹಾಗೆ ಅರಳಿದವು. ಮೇಸ್ತ್ರಿ ಓಡಿಸುವ ಜಾಗದಲ್ಲಿ. ಹಿಂದೆ ಸಾಹೇಬರು, ಅವರ ಪಕ್ಕ ನಾನು. ದೀಪ ಹಾಕಿ ತೋರಿಸಿದೆ, ಪರದೆ ಎಳೆದು ತೋರಿಸಿದೆ.

"ನಿರ್ವಹಣೆ ಕಷ್ಟ ಅಲ್ವೇನ್ರೀ?" ಎಂದರು ಸಾಹೇಬರು.

"ನಾನೇ ನೋಡ್ಕೋತೀನಿ ಸಾರ್. ಇಂಜಿನ್ ಅಂದ್ರೆ ನನಗೆ ಅಂಗೈ ಗೆರೆ ಇದ್ದಹಾಗೆ."

"ಹಾಗಾದ್ರೆ ಇವರು?"

ದೇವರೇ, ಆ ಪ್ರಶ್ನೆ ಅವರು ಕೇಳಬಾರದಿತ್ತು. ಕೇಳಿದರೂ ನಾನು ಬಾಯಿ ತೆರೆಯಬಾರದಿತ್ತು. "ಇವರಾ? ಪಾಪ, ಕಿವುಡು ಸಾರ್. ಏನೂ ಕೆಲಸ ಗೊತ್ತಿಲ್ಲ. ಮಾವನ ಕಾಲದವರು, ಬೀದಿಗೆ ಬೀಳಬಾರದು ಅಂತ ಇಟ್ಕೊಂಡಿದೀನಿ," ಎಂದೆ. ದನಿ ತಗ್ಗಿಸುವ ಗೋಜಿಗೂ ಹೋಗಲಿಲ್ಲ.

ಕಾರು ಬೆಣ್ಣೆಯ ಹಾಗೆ ರಸ್ತೆಯ ಅಂಚಿಗೆ ಸರಿದು ನಿಂತಿತು. ಕ್ಷೌರದಂಗಡಿಯ ಮುಂದಿನ ಇಳಿಜಾರು. ಮೇಸ್ತ್ರಿ ಹ್ಯಾಂಡ್‌ಬ್ರೇಕ್ ಎಳೆದು, ಇಳಿದು, ಹಿಂದಿನ ಬಾಗಿಲು ತೆರೆದು, ಕೀಲಿಕೈಯನ್ನು ನನ್ನ ಅಂಗೈಯ ಮೇಲೆ, ಅದೇ ಆ ಗೆರೆಗಳ ಮೇಲೆ, ಇಟ್ಟರು.

"ನೋಡ್ಕೊಳ್ಳಿ," ಎಂದರು. ಹೋಗಿ ಎದುರಿನ ಅಂಗಡಿಯಲ್ಲಿ ಒಂದು ಟೀ ಹೇಳಿದರು.

ಹನ್ನೊಂದು ವರ್ಷದಲ್ಲಿ ನನ್ನ ಜೊತೆ ಅವರಾಡಿದ ಮೊದಲ ಮಾತು!

"ಕಿವುಡು ಅಂದ್ರಲ್ಲ?" ಎಂದರು ಸಾಹೇಬರು.

"ಈಗ... ಈಗ ಸ್ವಲ್ಪ ವಾಸಿಯಾಗಿದೆ ಸಾರ್."

"ಇರಲಿ. ನೀವೇ ಓಡಿಸಿ. ಅಂಗೈ ಗೆರೆ ಅಂದ್ರಿ."

ಬರುವುದಿಲ್ಲ ಎನ್ನಲು ಎರಡು ಸೆಕೆಂಡು ಸಾಕಿತ್ತು. ನಾನು ಇಳಿದುಹೋಗಿ ಮುಂದಿನ ಸೀಟಿನಲ್ಲಿ ಕೂತೆ. ಬರೀ ಕೂತು, ಕೀಲಿ ತಿರುಗಿಸಿ, 'ಅಯ್ಯೋ, ಬ್ಯಾಟರಿ ಇಲ್ಲ ಸಾರ್' ಎನ್ನುವ ಯೋಜನೆ. ಆದರೆ ಇಂಜಿನ್ ಚಾಲೂ ಆದರೆ ಗತಿಯೇನು? ಆ ಭಯದಲ್ಲಿ ಕೀಲಿ ಬಿಟ್ಟು, ಏನಾದರೂ ಮಾಡಿದ ಹಾಗೆ ಕಾಣಲಿ ಎಂದು ಕೈಗೆ ಸಿಕ್ಕ ಗೇರಿನ ಕೋಲನ್ನು ಆಚೀಚೆ ಅಲ್ಲಾಡಿಸಿದೆ. ಆಮೇಲೆ ಪಕ್ಕದ ಇನ್ನೊಂದು ಕೋಲನ್ನು ಕೆಳಗಿಳಿಸಿದೆ. ಅದು ಹ್ಯಾಂಡ್‌ಬ್ರೇಕು.

ಕಾರು ಹೊರಟಿತು. ಸದ್ದಿಲ್ಲ, ಗದ್ದಲವಿಲ್ಲ. ಎಷ್ಟು ನಿಧಾನ ಅಂದರೆ ಕ್ಷೌರಿಕ ಗಿರಾಕಿಯ ಅರ್ಧ ಗಡ್ಡ ಬಿಟ್ಟು ಹೊರಬಂದು ಪಕ್ಕದಲ್ಲೇ ನಡೆಯತೊಡಗಿದ. "ಸಾರ್, ಮುಂದೆ ಗುಂಡಿ!" ಎಂದ. ಆಚೆಯಿಂದ ಟೀ ಲೋಟ ಎಸೆದು ಓಡಿಬರುತ್ತ ಮೇಸ್ತ್ರಿ, "ಮಧ್ಯದ್ದು ತುಳೀರಿ! ಮಧ್ಯದ್ದು!" ಎಂದು ಕೂಗಿದರು. ನಾನು ಮಧ್ಯದಲ್ಲಿದ್ದದ್ದನ್ನು ಒತ್ತಿದೆ. ಅದು ಸ್ಟಿಯರಿಂಗಿನ ನಡುವಿನ ಹಾರ್ನ್. ಮಾವನ ಕಾರು ಶಂಖ ಊದಿಕೊಂಡು, ಸಕಲ ಮರ್ಯಾದೆಗಳೊಂದಿಗೆ, ಎಡಗಾಲನ್ನು ಗುಂಡಿಗೆ ಇಟ್ಟು ಕೂತುಬಿಟ್ಟಿತು.

ಯಾರಿಗೂ ಏನೂ ಆಗಲಿಲ್ಲ. ಸಾಹೇಬರ ಟೋಪಿ ಮಾತ್ರ ಮುಂದಿನ ಸೀಟಿಗೆ ಬಂದಿತ್ತು. ಅವರು ಇಳಿದು, ಗುಂಡಿಯ ಪಕ್ಕ ನೆಟ್ಟಿದ್ದ ತುಕ್ಕು ಹಿಡಿದ ಬೋರ್ಡು ಓದಿದರು. ನೀರು ಸರಬರಾಜು ಕಚೇರಿ. ಕಾಮಗಾರಿ ಪ್ರಗತಿಯಲ್ಲಿದೆ.

"ಇದು ನಮ್ಮದೇ ಗುಂಡಿ!" ಎಂದರು.

"ಹೌದು ಸಾರ್," ಎಂದ ಕ್ಷೌರಿಕ. "ಪೈಪು ಹಾಕಿ ನಾಲ್ಕು ತಿಂಗಳಾಯ್ತು. ಮುಚ್ಚಿ ಅಂತ ಆರು ಅರ್ಜಿ ಕೊಟ್ಟೆ. ನಿಮ್ಮ ಆಫೀಸಲ್ಲಿ ಯಾರೋ ಚರ್ಚಪ್ಪ ಅಂತ ಇದಾರಂತೆ. ಅವರ ಹತ್ರ ಹೋದ ಫೈಲು ವಾಪಸ್ ಬರಲ್ಲ ಅಂತಾರೆ. ನಿಮಗೆ ಗೊತ್ತಾ ಸಾರ್ ಆ ಮಹಾತ್ಮ?"

ನನಗೆ ಹಾಗೊಂದು ಹೆಸರಿದೆ ಎಂಬುದು ನನಗೇ ಅವತ್ತು ಗೊತ್ತಾಯಿತು. ಎರಡು ದಿನದಲ್ಲಿ ತೀರ್ಮಾನ ಮಾಡದಿದ್ದರೆ ಹೆಸರು ಬದಲಾಯಿಸು ಎಂದಿದ್ದೆನಲ್ಲ, ಊರೇ ಮೊದಲು ಬದಲಾಯಿಸಿಟ್ಟಿತ್ತು!

ಸಾಹೇಬರು ಕೈಗಡಿಯಾರ ನೋಡಿಕೊಂಡರು. "ಐದೂವರೆ ಆಯ್ತು. ಈಗ ನಾನು ನಿಮ್ಮ ಸಾಹೇಬನಲ್ಲ, ಅದಕ್ಕೇ ಬೈಯಲ್ಲ," ಎಂದರು. "'ತುರ್ತು' ಅಂತ ಕೆಂಪು ಶಾಯೀಲಿ ಬರೆದು ಕಳಿಸಿದ್ದೆ ಈ ಫೈಲನ್ನ. ಹೋಗೋದರೊಳಗೆ ಇದೊಂದನ್ನ ಮುಚ್ಚಿಸಿ ಹೋಗೋಣ ಅಂತಿದ್ದೆ." ಟೋಪಿ ತೆಗೆದುಕೊಂಡು ನಡೆದೇ ಹೊರಟುಹೋದರು. ಬೈದಿದ್ದರೆ ಚೆನ್ನಾಗಿತ್ತು.

ಮೇಸ್ತ್ರಿ ಗುಂಡಿಯೊಳಗೆ ಇಳಿದು ಚಕ್ರದ ಹಿಂದೆಲ್ಲ ಕೈಯಾಡಿಸಿದರು. "ನೀವು ಏನನ್ನೂ ಮುಟ್ಟಲ್ಲ ಅಂತ ನಂಬಿ ಇಳಿದೆ. ತಪ್ಪು ನಂದೇ," ಎಂದರು. ಅವರು ನನ್ನನ್ನಲ್ಲ, ಕಾರನ್ನು ನೋಡಿ ಕ್ಷಮೆ ಕೇಳುತ್ತಿದ್ದರು. ಅಷ್ಟರಲ್ಲಿ ಸುದ್ದಿ ಮನೆ ಮುಟ್ಟಿ ನನ್ನ ಹೆಂಡತಿ ಕೊರಳಿನಲ್ಲಿ ಅಳತೆಪಟ್ಟಿ ನೇತುಹಾಕಿಕೊಂಡೇ ಬಂದಳು, ಹಿಂದೆ ಮೂವರು ಹೆಂಗಸರು. ಅವರು ನಾಲ್ವರು, ಕ್ಷೌರಿಕ, ಅರ್ಧ ಗಡ್ಡದ ಗಿರಾಕಿ, ನಾನು, ಎಲ್ಲ ಸೇರಿ ತಳ್ಳಿ ಕಾರನ್ನು ಮೇಲೆತ್ತಿದೆವು. ಮೂತಿ ಸ್ವಲ್ಪ ಜಜ್ಜಿಹೋಗಿತ್ತು. ನನ್ನದರಷ್ಟಲ್ಲ.

ಮನೆಗೆ ಬಂದು ಅಂಗಳದಲ್ಲಿ ನಿಂತೆವು. ಹೆಂಡತಿ ಒಳಗಿಂದ ಆ ಫೈಲು ತಂದು, ಉಬ್ಬಿದ ಬಾನೆಟ್ ಮೇಲೇ ಬಿಚ್ಚಿಟ್ಟಳು. ಪೆನ್ನನ್ನು ನನ್ನ ಮುಂದೆ ಹಿಡಿದಳು.

"ಮೇಸ್ತ್ರಿ," ಎಂದೆ, ಈ ಸಲ ಮೆತ್ತಗೆ. "ಗಾಡಿ ನೀವೇ ಇಟ್ಕೊಳ್ತೀರಾ?"

"ಬಿಟ್ಟಿ ಬೇಡ. ಬೆಲೆ ಎಷ್ಟು ಅಂತ ನನಗೆ ಗೊತ್ತು, ಕೊಡ್ತೀನಿ," ಎಂದರು. "ನೀವು ಫೋನಲ್ಲಿ ಹೇಳಿದ ಹಾಗೆ ಮುದುಕನ್ನ ಬಿಡಿಸೋದೂ ಬೇಡ. ಎರಡೂ ಒಟ್ಟಿಗೇ ಹೋಗ್ತೀವಿ."

ನನ್ನ ಕಣ್ಣು ನೆಲ ಬಿಟ್ಟು ಏಳಲಿಲ್ಲ. ಕ್ಷಮಿಸಿ ಎಂದೆ. ಕೇಳಿಸಿತೋ ಇಲ್ಲವೋ ಎಂದು ಅನುಮಾನಪಡುವ ಹಕ್ಕು ನನಗೆ ಉಳಿದಿರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ, 'ಚರ್ಚಿಸಿ' ಬಿಟ್ಟು, 'ಮಾರಲಾಗಿದೆ' ಎಂದು ಬರೆದೆ. ಕೆಳಗೆ ಹೊಲಿಗೆ ವಿಭಾಗ ತಕ್ಷಣ ಬರೆಯಿತು: 'ಒಪ್ಪಿದೆ'. ಅವಳ ಹಿಂದಿದ್ದ ಮೂವರು ಆಗಲೇ ಬಚ್ಚಲಿನ ಬಾಗಿಲಿನ ಯಂತ್ರವನ್ನು ಎತ್ತಿಕೊಂಡು ಶೆಡ್ಡಿನ ಕಡೆ ಹೊರಟಿದ್ದರು. ಇನ್ನೆರಡು ದಿನ, ಇನ್ನೂ ಮೂವತ್ತೊಂದು ಕೋಟು. ಕೋಟಿಗೆ ಗುಂಡಿ ಹೊಲಿಯುವುದು, ಕಾಜ ಹಾಕುವುದು ನನ್ನ ಪಾಲಿಗೆ ಎಂದು ಅವಳು ಹೇಳಿದಾಗ 'ಚರ್ಚಿಸೋಣ' ಎನ್ನಲಿಲ್ಲ. ಮರುದಿನ ಬೆಳಿಗ್ಗೆ ಕಚೇರಿಯಲ್ಲಿ ಮೊದಲು ಸಹಿ ಹಾಕಬೇಕಾದ ಫೈಲು ಯಾವುದೆಂದೂ ಗೊತ್ತಿತ್ತು.

ಮೇಸ್ತ್ರಿ ಕಾರಿನಲ್ಲಿ ಕೂತು ಇಂಜಿನ್ ಚಾಲೂ ಮಾಡಿದರು. ಇಷ್ಟೆಲ್ಲ ಆದ ಮೇಲೂ ಒಂದು ಆಸೆ ಒಳಗೆ ಮಿಣಮಿಣ ಉರಿಯುತ್ತಿತ್ತು. ಏನೇ ಆಗಲಿ, ಐವರಲ್ಲಿ ಮಾವ ಆರಿಸಿದ್ದು ನನ್ನನ್ನು! ಆ ಒಂದು ಗೌರವವನ್ನಾದರೂ ಉಳಿಸಿಕೊಳ್ಳೋಣವೆಂದು ಕಿಟಕಿಗೆ ಬಗ್ಗಿ ಕೇಳಿದೆ:

"ಮೇಸ್ತ್ರಿ, ಅಷ್ಟು ಜನ ಇದ್ರೂ ಮಾವ ನನಗೇ ಯಾಕೆ ಕಾರು ಕೊಟ್ರು? ನನ್ನ ಅಭಿರುಚಿ ಬಗ್ಗೆ ಏನಾದ್ರೂ ಹೇಳ್ತಿದ್ರಾ?"

ಮೇಸ್ತ್ರಿ ಇಂಜಿನ್ ಆರಿಸಿದರು, ನನಗೆ ಸ್ಪಷ್ಟವಾಗಿ ಕೇಳಿಸಲಿ ಎಂದಿರಬೇಕು.

"ಉಳಿದ ನಾಲ್ವರಿಗೂ ಓಡಿಸೋಕೆ ಬರುತ್ತೆ. 'ಅವರ ಕೈಗೆ ಹೋದರೆ ಗಾಡಿ ಹಾಳಾಗುತ್ತೆ, ಮೂರನೆಯವನ ಹೆಸರಿಗೆ ಬರೀತೀನಿ, ಅವನ ಹತ್ರ ಹೋದದ್ದು ಯಾವುದೂ ಒಂದಿಂಚು ಮುಂದಕ್ಕೆ ಹೋಗಲ್ಲ' ಅಂದ್ರು."